ಓವನ್‌ನಲ್ಲಿ ಅನ್ನ: ಹನ್ನೊಂದು ತಿಂಗಳ ಬಳಕೆಯ ನಂತರ

ನಮ್ಮ ಅಡುಗೆಮನೆಗೆ ಓವನ್ ಬಂದದ್ದು ಕೇಕಿಗಾಗಿ. ಮಗಳು ರಜೆಯಲ್ಲಿ ಎರಡು ಸಲ ಕೇಕು, ಒಂದು ಸಲ ಬಿಸ್ಕತ್ತು ಮಾಡಿ ಹಾಸ್ಟೆಲಿಗೆ ಹಿಂದಿರುಗಿದ ಮೇಲೆ ಆ 28 ಲೀಟರಿನ ಪೆಟ್ಟಿಗೆ ಮೂರು ತಿಂಗಳ ಕಾಲ ಹಪ್ಪಳದ ಡಬ್ಬಗಳನ್ನು ತಲೆಯ ಮೇಲೆ ಹೊತ್ತುಕೊಂಡು ಮೂಲೆಯಲ್ಲಿ ಕುಳಿತಿತ್ತು. ಸಿಲಿಂಡರ್ ಖಾಲಿಯಾಗಿ, ಬದಲಿ ಸಿಲಿಂಡರ್ ಬರುವುದು ತಡವಾದ ಒಂದು ಶನಿವಾರ, ಬೇರೆ ದಾರಿ ಕಾಣದೆ ಅದರಲ್ಲಿ ಅನ್ನಕ್ಕಿಟ್ಟೆ. ಅಂದಿನಿಂದ ವಾರಕ್ಕೆ ಎರಡು ಮೂರು ಸಲದಂತೆ, ನೂರಕ್ಕೂ ಹೆಚ್ಚು ಬಾರಿ ಅದರೊಳಗೆ ಅಕ್ಕಿ ಬೇಯಿಸಿದ್ದೇನೆ. ಕೇಕು, ಪಿಜ್ಜಾಗಳ ಮಟ್ಟಿಗೆ ಓವನ್‌ಗಳ ಗುಣದೋಷ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ದಿನಕ್ಕೆ ಎರಡು ಹೊತ್ತು ಅನ್ನ ಉಣ್ಣುವ ಮೈಸೂರಿನ ಐದು ಜನರ ಮನೆಗೆ ಈ ಯಂತ್ರ ಎಷ್ಟರ ಮಟ್ಟಿಗೆ ಒದಗೀತು ಎಂಬುದನ್ನಷ್ಟೇ ನಾನು ಇಲ್ಲಿ ಬರೆಯುತ್ತಿದ್ದೇನೆ. ಈ ಅಳತೆಯ ಓವನ್‌ಗಳನ್ನು ನಾಲ್ಕಾರು ಕಂಪನಿಗಳು ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ತಯಾರಿಸುವುದರಿಂದ ನನ್ನದು ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ.

ನಮ್ಮಲ್ಲಿ ಓವನ್ ಎಂದರೆ ಬಹುಪಾಲು ಜನರ ಮನಸ್ಸಿಗೆ ಬರುವುದು ಮೈಕ್ರೋವೇವ್. ನಾನು ಹೇಳುತ್ತಿರುವುದು ಅದಲ್ಲ, ಓಟಿಜಿ ಎಂದು ಅಂಗಡಿಯವರು ಕರೆಯುವ, ಮೇಲೆ ಎರಡು ಕೆಳಗೆ ಎರಡು ಕಾಯುವ ಸರಳುಗಳಿರುವ, ಕಾದ ಗಾಳಿಯಿಂದ ಬೇಯಿಸುವ ಪೆಟ್ಟಿಗೆ. ಮೈಕ್ರೋವೇವ್‌ನಲ್ಲಿ ಸ್ಟೀಲ್ ಪಾತ್ರೆ ಇಡಬಾರದು, ಇದರಲ್ಲಿ ಧಾರಾಳವಾಗಿ ಇಡಬಹುದು. ನನ್ನ ಓವನ್ 1600 ವ್ಯಾಟಿನದು. 100ರಿಂದ 250 ಡಿಗ್ರಿವರೆಗಿನ ಶಾಖದ ತಿರುಗಣಿ, 60 ನಿಮಿಷದ ಟೈಮರ್, ಬೇಕೆಂದಾಗ ಹಾಕಿಕೊಳ್ಳಬಹುದಾದ ಒಂದು ಚಿಕ್ಕ ಫ್ಯಾನು, ಇಷ್ಟು ಅದರ ವೈಭವ. 230 ವೋಲ್ಟಿನಲ್ಲಿ ಇದು ಸುಮಾರು 7 ಆಂಪಿಯರ್ ಎಳೆಯುವುದರಿಂದ ಮಿಕ್ಸಿ ಹಾಕುವ ಸಣ್ಣ ಪ್ಲಗ್ಗಿಗೆ ಇದನ್ನು ಸಿಕ್ಕಿಸುವಂತಿಲ್ಲ, ದಪ್ಪ ಪಿನ್ನಿನ ಪವರ್ ಪ್ಲಗ್ಗೇ ಬೇಕು. ನಮ್ಮದು ಹಳೆಯ ಮನೆಯಾದ್ದರಿಂದ ಅಡುಗೆಮನೆಯಲ್ಲಿ ಅಂಥ ಪ್ಲಗ್ ಇರಲಿಲ್ಲ. ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಬೋರ್ಡಿನಿಂದ ಬೇರೆ ವೈರ್ ಎಳೆಸಿದ ಖರ್ಚನ್ನೂ ಓವನ್ನಿನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕಾಯಿತು.

ಆ ಮೊದಲ ಶನಿವಾರದ ಅನ್ನದ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಆಮೇಲೆ ನಾನು ಕಲಿತದ್ದೆಲ್ಲ ಅದರ ತಪ್ಪುಗಳಿಂದಲೇ. ಎರಡು ಪಾವು ಸೋನಾ ಮಸೂರಿ ಅಕ್ಕಿ ತೊಳೆದು, ಕುಕ್ಕರಿಗೆ ಹಾಕುವಷ್ಟೇ ನೀರನ್ನು ನಲ್ಲಿಯಿಂದ ನೇರವಾಗಿ ಹಿಡಿದು ಹಾಕಿ, ಸ್ಟೀಲ್ ಬೋಗುಣಿಗೆ ತಟ್ಟೆ ಮುಚ್ಚಿ 180 ಡಿಗ್ರಿಯಲ್ಲಿಟ್ಟೆ. ಅರ್ಧ ಗಂಟೆಯ ನಂತರ ಬಾಗಿಲು ತೆರೆದಾಗ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಏಳುತ್ತಿದ್ದವು, ನಡುವೆ ನೀರು ಅಲುಗದೆ ನಿಂತಿತ್ತು. ಮತ್ತೆ ಅರ್ಧ ಗಂಟೆ ಇಟ್ಟೆ, ಅದರ ಮೇಲೆ ಇನ್ನೂ ಕಾಲು ಗಂಟೆ. ಕೊನೆಗೆ ಹೊರತೆಗೆದಾಗ ಪಾತ್ರೆಯಲ್ಲಿ ಮೂರು ಬಗೆಯ ಅನ್ನವಿತ್ತು: ತಟ್ಟೆಯ ಸಂದಿಯಿಂದ ಹಬೆಯೆಲ್ಲ ಸೋರಿಹೋದುದರಿಂದ ಮೇಲಿನ ಪದರ ದಪ್ಪ ಅವಲಕ್ಕಿಯಂತೆ ಬಿರುಸಾಗಿ ಹಲ್ಲಿಗೆ ಕಟಕಟ ಎನ್ನುತ್ತಿತ್ತು, ನಡುವಿನದು ಚೆನ್ನಾಗಿಯೇ ಇತ್ತು, ತಳದ್ದು ಎಳೆಯ ಮಕ್ಕಳಿಗೆ ಉಣಿಸುವ ಹಾಗೆ ಮುದ್ದೆ ಕಟ್ಟಿತ್ತು. ನಮ್ಮ ಅತ್ತೆಯವರು ಒಂದಗುಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಸುಕಿ ನೋಡಿ, “ಬೆಂದಿದೆ ಕಣಮ್ಮ, ಆದರೆ ಅರಳಿಲ್ಲ,” ಎಂದರು. ಅನ್ನದ ಹದ ತಿಳಿಯಲು ಒಂದಗುಳು ಸಾಕೆಂಬುದು ಒಲೆಯ ಮೇಲೆ ಕುದಿದು, ಮೇಲೆ ಕೆಳಗೆ ತಿರುಗಾಡುವ ಅನ್ನಕ್ಕೆ ಸಲ್ಲುವ ಮಾತು. ಓವನ್‌ನಲ್ಲಿ ಅಕ್ಕಿ ಇಟ್ಟಲ್ಲೇ ಇರುತ್ತದೆ, ಆದ್ದರಿಂದ ಮೂಲೆಯ ಅಗುಳು ನಡುವಿನ ಅಗುಳಿನ ಸುದ್ದಿ ಹೇಳುವುದಿಲ್ಲ. ಈಗಲೂ ನಾನು ಮೂರು ಕಡೆಯಿಂದ ಮೂರು ಅಗುಳು ತೆಗೆದೇ ನೋಡುತ್ತೇನೆ.

ತಪ್ಪು ಎಲ್ಲಾಯಿತೆಂದು ತಿಳಿಯಲು ಪೆಟ್ಟಿಗೆಯೊಳಗೆ ನಡೆಯುವುದೇನೆಂದು ಒಮ್ಮೆ ಯೋಚಿಸಬೇಕು. ತಿರುಗಣಿ 190 ಎಂದು ತೋರಿಸುತ್ತಿದ್ದರೂ ಪಾತ್ರೆಯೊಳಗೆ ನೀರು ಇರುವವರೆಗೆ ಅಕ್ಕಿಗೆ ತಗಲುವ ಶಾಖ ಕುದಿಯುವ ನೀರಿನದಷ್ಟೇ. ಸಮುದ್ರ ಮಟ್ಟದಿಂದ 760 ಮೀಟರಿಗೂ ಮೇಲಿರುವ ಮೈಸೂರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಕುಕ್ಕರಿನಲ್ಲಾದರೆ ಒತ್ತಡದ ಬಲದಿಂದ ಅದು 120ರ ಹತ್ತಿರಕ್ಕೆ ಏರುತ್ತದೆ. ಅಕ್ಕಿಯ ಪಿಷ್ಟ ನೀರು ಕುಡಿದು ಮೆತ್ತಗಾಗುವುದು ಹೆಚ್ಚಿನ ತಳಿಗಳಲ್ಲಿ 60ರಿಂದ 75 ಡಿಗ್ರಿಯ ನಡುವೆ ಶುರುವಾಗುವುದರಿಂದ ಬೇಯುವುದಕ್ಕೆ 97 ಧಾರಾಳವಾಯಿತು, ಆದರೆ ಕುಕ್ಕರಿನ ವೇಗವನ್ನು ಇದರಿಂದ ನಿರೀಕ್ಷಿಸುವಂತಿಲ್ಲ. ಇನ್ನು, ಗ್ಯಾಸಿನ ಉರಿ ಪಾತ್ರೆಯ ತಳಕ್ಕೆ ನೇರವಾಗಿ ತಾಗುತ್ತದೆ, ಓವನ್ನಿನಲ್ಲಿ ಶಾಖವನ್ನು ಸಾಗಿಸುವುದು ಗಾಳಿ. ಗಾಳಿಯೋ ಈ ಕೆಲಸದಲ್ಲಿ ಮಹಾ ಸೋಮಾರಿ. ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟರಲ್ಲಿ ಅದು ಅರ್ಧ ಗಂಟೆ ನುಂಗುತ್ತದೆ, ಅಷ್ಟು ಹೊತ್ತೂ ಅಕ್ಕಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆದು, ಕುದಿ ಬರುವ ಮೊದಲೇ ಒಡೆಯುವ ಸ್ಥಿತಿಗೆ ಬಂದಿರುತ್ತದೆ. ಹಾಗಾಗಿ ಓವನ್ ಅನ್ನಕ್ಕೆ ನನ್ನ ಮಟ್ಟಿಗೆ ಎರಡೇ ಎರಡು ಕಟ್ಟುಪಾಡು. ನೀರು ಕೊತಕೊತ ಕುದಿಯುತ್ತಿರುವಾಗಲೇ ಅಕ್ಕಿಯ ಮೇಲೆ ಬೀಳಬೇಕು, ಮತ್ತು ಮುಚ್ಚಿದ ಮೇಲೆ ಹಬೆ ಹೊರಗೆ ಹೋಗಬಾರದು. ಮಿಕ್ಕಿದ್ದೆಲ್ಲ ಅವರವರ ಅಭ್ಯಾಸಕ್ಕೆ ಬಿಟ್ಟದ್ದು.

ಈಗ ನನ್ನ ಕೈಗೆ ಕುದುರಿರುವ ಕ್ರಮ ಹೀಗಿದೆ. ನಮ್ಮ ಮನೆಯ ಪಾವಿನಲ್ಲಿ 200 ಗ್ರಾಂ ಅಕ್ಕಿ ಹಿಡಿಯುತ್ತದೆ. ಎರಡು ಪಾವು ಹಳೆಯ ಸೋನಾ ಮಸೂರಿಯನ್ನು ನೀರು ತಿಳಿಯಾಗುವವರೆಗೆ ತೊಳೆದು, ಜಾಲರಿಯಲ್ಲಿ ಹತ್ತು ನಿಮಿಷ ಬಸಿಯಲು ಬಿಡುತ್ತೇನೆ. ಅಷ್ಟರಲ್ಲಿ ಓವನ್ 190 ಡಿಗ್ರಿಗೆ ಕಾಯುತ್ತಿರುತ್ತದೆ, ಪಕ್ಕದಲ್ಲಿ ಮೂರೂವರೆ ಪಾವು ನೀರು ಕುದಿಯುತ್ತಿರುತ್ತದೆ. ಎರಡಂಗುಲ ಆಳದ ಸ್ಟೀಲ್ ಟ್ರೇಗೆ ಒಂದು ಚಮಚ ತುಪ್ಪ ಸವರಿ, ಅಕ್ಕಿಯನ್ನು ಸಮನಾಗಿ ಹರಡಿ, ಉಪ್ಪು ಉದುರಿಸಿ, ಕುದಿಯುವ ನೀರು ಹೊಯ್ದು, ಅಲ್ಯೂಮಿನಿಯಂ ಫಾಯಿಲ್ಲನ್ನು ಎರಡು ಮಡಿಕೆ ಮಾಡಿ ಅಂಚಿನ ಸುತ್ತ ಬಿಗಿಯಾಗಿ ಒತ್ತುತ್ತೇನೆ. ಟ್ರೇ ನಡುವಿನ ಅಂತಸ್ತಿನಲ್ಲಿ, ಫ್ಯಾನು ಬಂದ್, ಮೇಲೆ ಕೆಳಗೆ ಎರಡೂ ಸರಳು ಚಾಲೂ, 28 ನಿಮಿಷ. ಟೈಮರಿನ ಗಂಟೆ ಟಿಣ್ ಎಂದ ಮೇಲೂ ಬಾಗಿಲು ತೆರೆಯದೆ ಹತ್ತು ನಿಮಿಷ ಬಿಡುವುದು ಅಗತ್ಯ, ಆ ಹತ್ತು ನಿಮಿಷದಲ್ಲೇ ಮೇಲಿನ ಹಸಿ, ತಳದ ತೇವ ಎರಡೂ ಒಂದಾಗುತ್ತವೆ. ಫಾಯಿಲ್ ತೆಗೆಯುವಾಗ ಮುಖ ಹಿಂದಕ್ಕಿರಲಿ. ಒಮ್ಮೆ ಅವಸರದಲ್ಲಿ ನನ್ನ ಕಡೆಯ ತುದಿಯಿಂದಲೇ ಫಾಯಿಲ್ ಎತ್ತಿ ಮಣಿಕಟ್ಟಿಗೆ ಹಬೆ ಹೊಡೆದು, ಎರಡು ದಿನ ಬಳೆ ತೊಡಲಾಗಲಿಲ್ಲ.

ಫ್ಯಾನು ಏಕೆ ಬೇಡ ಎಂದರೆ, ಅದು ಬೀಸುವ ಗಾಳಿಗೆ ಫಾಯಿಲ್ಲಿನ ಅಂಚು ಮೆಲ್ಲಗೆ ಏಳುತ್ತದೆ. ಎದ್ದ ಕಡೆ ಒಂದಂಗುಲ ಅಗಲಕ್ಕೆ ಅನ್ನ ಒಣಗಿ ಬಿಳಿಚಿಕೊಂಡಿರುತ್ತದೆ. ಕೇಕಿಗೆ ವರವಾದದ್ದು ಅನ್ನಕ್ಕೆ ಶಾಪ.

ನೀರಿನ ಅಳತೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ, ಅದನ್ನು ನಾನು ಗೌರಿ ಹಬ್ಬದ ಮರುದಿನ ಹದಿನಾರು ಜನರ ಊಟಕ್ಕೆ ಅನ್ನ ಮಾಡಲು ಹೋಗಿ ಕಲಿತೆ. ಎರಡು ಪಾವಿಗೆ ಮೂರೂವರೆ ಪಾವು ನೀರಾದರೆ ಆರು ಪಾವಿಗೆ ಹತ್ತೂವರೆ ಎಂದು ಲೆಕ್ಕ ಹಾಕಿ ಸುರಿದೆ. ಅನ್ನ ಬೆಂದಿತು, ಆದರೆ ಸೌಟಿನಲ್ಲಿ ತೆಗೆದರೆ ಇಟ್ಟಿಗೆಯಂತೆ ಎದ್ದುಬರುತ್ತಿತ್ತು. ನಾವು ಹಾಕುವ ನೀರಿನಲ್ಲಿ ಒಂದು ಪಾಲನ್ನು ಅಕ್ಕಿ ಕುಡಿಯುತ್ತದೆ, ಇನ್ನೊಂದು ಪಾಲು ಆವಿಯಾಗುತ್ತದೆ. ಅಕ್ಕಿ ಕುಡಿಯುವ ಪಾಲು ಅಕ್ಕಿ ಹೆಚ್ಚಿದಂತೆ ಹೆಚ್ಚುತ್ತದೆ, ಆವಿಯಾಗುವ ಪಾಲು ಮಾತ್ರ ಪಾತ್ರೆಯ ಬಾಯಿ, ಮುಚ್ಚಳದ ಸಂದಿ, ಇಟ್ಟ ಹೊತ್ತು ಇವುಗಳ ಮೇಲೆ ನಿಂತಿದೆ. ಮೂರು ಪಟ್ಟು ಅಕ್ಕಿ ಹಾಕಿದ ಮಾತ್ರಕ್ಕೆ ಮೂರು ಪಟ್ಟು ಹಬೆ ಹೋಗುವುದಿಲ್ಲ. ಈಗ ಆರು ಪಾವು ಅಕ್ಕಿಗೆ ಒಂಬತ್ತು ಪಾವು ನೀರು, ಹೊತ್ತು ಮಾತ್ರ 40 ನಿಮಿಷ, ಟ್ರೇಯೂ ದೊಡ್ಡದು. ಸಂತರ್ಪಣೆಗಳಲ್ಲಿ ಕೊಳಗಗಟ್ಟಲೆ ಅನ್ನ ಬೇಯಿಸುವ ಅಡುಗೆಯವರು ಅಳತೆಯ ಗೋಜಿಗೇ ಹೋಗದೆ ಹೆಚ್ಚು ನೀರಿನಲ್ಲಿ ಬೇಯಿಸಿ ಗಂಜಿ ಬಸಿದುಬಿಡುವುದರಲ್ಲಿ ಎಂಥ ಜಾಣತನವಿದೆ ಎಂಬುದು ಆ ದಿನ ನನಗೆ ಅರ್ಥವಾಯಿತು.

ಇನ್ನು ಯಾವ ಅಕ್ಕಿ ಈ ಪೆಟ್ಟಿಗೆಗೆ ಒಗ್ಗುತ್ತದೆ ಎಂಬ ವಿಚಾರ. ಹಳೆಯ ಸೋನಾ ಮಸೂರಿಯನ್ನು, ಅಂದರೆ ವರ್ಷ ತುಂಬಿದ ಅಕ್ಕಿಯನ್ನು, ಓವನ್ ಬಹಳ ಚೆನ್ನಾಗಿ ನಡೆಸಿಕೊಳ್ಳುತ್ತದೆ: ಅಗುಳು ಅಗುಳಿಗೆ ಅಂಟುವುದಿಲ್ಲ, ತುದಿ ಸೀಳುವುದಿಲ್ಲ, ತಳ ಹಿಡಿಯುವ ಮಾತೇ ಇಲ್ಲ. ಹೊಸ ಅಕ್ಕಿಯಾದರೆ ನೀರನ್ನು ಅರ್ಧ ಪಾವು ಕಡಿಮೆ ಮಾಡಿದರೂ ಸ್ವಲ್ಪ ಜಿಗುಟು ಉಳಿಯುತ್ತದೆ, ಆದರೆ ಅದು ಅಕ್ಕಿಯ ಗುಣ, ಯಂತ್ರದ ತಪ್ಪಲ್ಲ. ಬಾಸುಮತಿಯನ್ನು ಅರ್ಧ ಗಂಟೆ ನೆನೆಸಿ, ಒಂದಕ್ಕೆ ಒಂದೂವರೆ ನೀರಿನಲ್ಲಿ 22 ನಿಮಿಷ ಇಟ್ಟರೆ ಬರುವ ಅನ್ನವನ್ನು ನಾನು ಗ್ಯಾಸಿನ ಮೇಲೆ ಒಮ್ಮೆಯೂ ಮಾಡಿದ್ದಿಲ್ಲ. ಕುದಿತದ ಕುಣಿತ ಇಲ್ಲದಿರುವುದರಿಂದ ಉದ್ದನೆಯ ಅಗುಳು ಮುರಿಯದೆ, ಮಲಗಿದಲ್ಲೇ ಬೆಳೆದಂತೆ ಕಾಣುತ್ತದೆ. ಹೊಳೆನರಸೀಪುರದ ಕಡೆಯಿಂದ ನೆಂಟರು ತಂದುಕೊಡುವ ರಾಜಮುಡಿ ನನ್ನ ಅಚ್ಚುಮೆಚ್ಚಿನದು. ಕೆಂಪು ಬಿಳಿ ಬೆರೆತ, ತೌಡು ಪೂರ್ತಿ ಹೋಗದ ಆ ಅಕ್ಕಿ ಕುಕ್ಕರಿನಲ್ಲಿ ಒಂದು ವಿಷಲ್ ಹೆಚ್ಚಾದರೆ ಒಡೆದು ಹೂವಾಗುತ್ತದೆ, ಕಡಿಮೆಯಾದರೆ ನಡುವೆ ಗಟ್ಟಿ ಉಳಿಯುತ್ತದೆ. ಓವನ್‌ನಲ್ಲಿ ಒಂದು ಗಂಟೆ ನೆನೆಸಿ, ಒಂದಕ್ಕೆ ಎರಡೂಕಾಲು ನೀರು ಹಾಕಿ, 55 ನಿಮಿಷ ಇಟ್ಟರೆ ಹದ ತಪ್ಪುವುದೇ ಇಲ್ಲ, ಬಾಗಿಲು ತೆರೆದಾಗ ಮನೆಯಿಡೀ ಹುರಿದ ತೌಡಿನಂಥ ಪರಿಮಳ. ಈ ಒಂದು ಅಕ್ಕಿಗಾಗಿಯೇ ಓವನ್ ಇಟ್ಟುಕೊಂಡಿದ್ದೇನೆ ಎಂದರೂ ಸುಳ್ಳಲ್ಲ.

ಕುಚ್ಚಲಕ್ಕಿಯ ಮಟ್ಟಿಗೆ ಮಾತ್ರ ನಾನು ಸೋಲೊಪ್ಪಿಕೊಂಡಿದ್ದೇನೆ. ಮಂಗಳೂರಿನ ಗೆಳತಿ ಕೊಟ್ಟ ಕೆಂಪು ಕುಚ್ಚಲಕ್ಕಿಯನ್ನು ಒಂದೂವರೆ ಗಂಟೆ ಇಟ್ಟರೂ ಅದು ಜಗ್ಗಲಿಲ್ಲ, ಕರೆಂಟು ಮಾತ್ರ ಕರಗಿತು. ಆ ಅಕ್ಕಿಗೆ ಬೇಕಾದದ್ದು ತುಂಬ ನೀರು, ದೊಡ್ಡ ಪಾತ್ರೆ, ಕೊನೆಗೆ ಬಸಿದು ಕುಡಿಯಲು ಗಂಜಿತಿಳಿ. ಮುಚ್ಚಿದ ಟ್ರೇಯಲ್ಲಿ ಅದನ್ನು ಕೂಡಿಹಾಕುವುದು ಅದಕ್ಕೂ ನಮಗೂ ಮಾಡುವ ಅನ್ಯಾಯ. ಹಾಗೆಯೇ ಮೊಸರನ್ನಕ್ಕೆ, ಪೊಂಗಲ್ಲಿಗೆ, ಬಿಸಿಬೇಳೆಬಾತಿಗೆ ಓವನ್ ಅನ್ನ ಬೇಡ. ಅವುಗಳಿಗೆ ಅಗುಳು ಕರಗಬೇಕು, ಇಲ್ಲಿ ಅಗುಳು ಕರಗುವುದಿಲ್ಲ.

ವಾಂಗಿಬಾತು, ಚಿತ್ರಾನ್ನ, ಪುಳಿಯೋಗರೆ, ಘೀ ರೈಸುಗಳ ಮಾತು ಬೇರೆ. ಇವುಗಳಿಗೆಲ್ಲ ಅನ್ನವನ್ನು ಮೊದಲೇ ಮಾಡಿ, ಅಗಲವಾದ ತಟ್ಟೆಗೆ ಸುರಿದು, ಎಣ್ಣೆ ಬೆರೆಸಿ, ಫ್ಯಾನಿನ ಕೆಳಗೆ ಆರಿಸುವ ರೂಢಿ ನಮ್ಮದು. ಟ್ರೇಯಲ್ಲಿ ಬೆಂದ ಅನ್ನ ಆಗಲೇ ಹರಡಿಕೊಂಡಿರುತ್ತದೆ, ಫಾಯಿಲ್ ತೆಗೆದು ಫೋರ್ಕಿನಿಂದ ಒಮ್ಮೆ ಕೆದಕಿದರೆ ಹತ್ತು ನಿಮಿಷದಲ್ಲಿ ಗೊಜ್ಜು ಕಲೆಸಲು ತಯಾರು. ಕುಕ್ಕರಿನ ಅನ್ನಕ್ಕೆ ಪುಳಿಯೋಗರೆ ಗೊಜ್ಜು ಕಲೆಸುವಾಗ ಎಷ್ಟು ನಾಜೂಕಾಗಿ ಕೈಯಾಡಿಸಿದರೂ ಅಲ್ಲಲ್ಲಿ ಬಿಳಿಯ ಗಂಟುಗಳು ಉಳಿಯುತ್ತಿದ್ದುದು ನನಗೆ ಇಪ್ಪತ್ತು ವರ್ಷಗಳ ಕೊರಗು. ಓವನ್ ಅನ್ನದಲ್ಲಿ ಗೊಜ್ಜು ಅಗುಳಗುಳಿಗೂ ಹತ್ತುತ್ತದೆ. ವಾಂಗಿಬಾತನ್ನು ನೇರವಾಗಿ ಟ್ರೇಯಲ್ಲೇ ಮಾಡಿಯೂ ನೋಡಿದ್ದೇನೆ. ಬದನೆಕಾಯಿಯನ್ನು ಒಗ್ಗರಣೆಯಲ್ಲಿ ಅರ್ಧ ಬೇಯಿಸಿ, ಪುಡಿ ಸೇರಿಸಿ, ಅಕ್ಕಿಯೊಂದಿಗೆ ಹರಡಿ, ಹುಣಿಸೆರಸ ಬೆರೆತ ಕುದಿನೀರು ಹಾಕಿ ಮುಚ್ಚಿದರೆ ರುಚಿಗೆ ಕೊರತೆಯಿಲ್ಲ. ಆದರೆ ಹುಳಿಯಲ್ಲಿ ಅಕ್ಕಿ ಬೇಯುವುದು ನಿಧಾನವಾದ್ದರಿಂದ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಬದನೆಕಾಯಿ ಅಷ್ಟರಲ್ಲಿ ರೂಪ ಕಳೆದುಕೊಂಡಿರುತ್ತದೆ. ಹುಣಿಸೆ, ಟೊಮೆಟೊ ಇರುವ ಅಡುಗೆಗೆ ಫಾಯಿಲ್ ತಾಗದಂತೆ ಎಚ್ಚರ ವಹಿಸಬೇಕು, ಹುಳಿ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಒಮ್ಮೆ ಫಾಯಿಲ್ಲಿನಲ್ಲಿ ಸೂಜಿಮೊನೆಯಷ್ಟು ತೂತುಗಳ ಸಾಲೇ ಕಂಡು ಇಡೀ ಮೇಲ್ಪದರವನ್ನು ಎತ್ತಿ ಬಿಸಾಡಿದೆ. ಈಗ ಅಂಥ ದಿನ ಬಾಳೆ ಎಲೆಯ ತುಂಡೊಂದನ್ನು ಅಕ್ಕಿಯ ಮೇಲೆ ಹಾಸಿ, ಅದರ ಮೇಲೆ ಫಾಯಿಲ್ ಮುಚ್ಚುತ್ತೇನೆ. ಎಲೆ ಬಾಡಿ ಕಂದಾಗುತ್ತದೆ, ಅದರ ವಾಸನೆ ಅನ್ನಕ್ಕಿಳಿಯುವುದು ಬಯಸದೆ ಬಂದ ಭಾಗ್ಯ.

ಅನ್ನವನ್ನು ನಾಲ್ಕೂ ಕಡೆಯ ಶಾಖದಲ್ಲಿ ಬೇಯಿಸುವುದು ಹೊಸ ವಿದ್ಯೆಯೇನಲ್ಲ. ಬಿರಿಯಾನಿ ಮಾಡುವವರು ಹಂಡೆಯ ಬಾಯಿಗೆ ಕಣಕ ಮೆತ್ತಿ, ಮುಚ್ಚಳದ ಮೇಲೆ ಕೆಂಡ ಹರಡಿ ದಮ್ ಕಟ್ಟುವುದು ಇದನ್ನೇ: ಕೆಳಗಿನ ಉರಿಯ ಜೊತೆ ಮೇಲಿನಿಂದಲೂ ಶಾಖ, ನಡುವೆ ಸೋರಿಹೋಗದ ಹಬೆ. ಸ್ಪೇನಿನ ವೆಲೆನ್ಸಿಯಾ ಪ್ರಾಂತ್ಯದಲ್ಲಿ ಆರೋಸ್ ಅಲ್ ಫೋರ್ನ್ ಎಂಬ ಅಡುಗೆಯಿದೆ, ಹೆಸರಿನ ಅರ್ಥವೇ ಒಲೆಯೊಳಗಿನ ಅನ್ನ. ಹಿಂದಿನ ದಿನ ಉಳಿದ ಸಾರಿಗೆ ಅಕ್ಕಿ, ಕಡಲೆಕಾಳು, ಆಲೂಗಡ್ಡೆ, ಟೊಮೆಟೊ, ಮಾಂಸದ ತುಂಡುಗಳನ್ನು ಸೇರಿಸಿ, ನಡುವೆ ಇಡೀ ಬೆಳ್ಳುಳ್ಳಿ ಗಡ್ಡೆಯೊಂದನ್ನು ಕೂರಿಸಿ, ಮಣ್ಣಿನ ಅಗಲ ಪಾತ್ರೆಯಲ್ಲಿ ಊರಿನ ಬೇಕರಿಯ ಒಲೆಗೆ ಕೊಟ್ಟುಬರುತ್ತಿದ್ದರಂತೆ. ಅವರು ಪಾತ್ರೆಯನ್ನು ಮುಚ್ಚುವುದಿಲ್ಲ. ಅಗುಳುಗಳ ಮೇಲ್ಪದರ ಕೆಂಪಗೆ ಗರಿಯಾಗುವುದೇ ಅವರಿಗೆ ಬೇಕಾದದ್ದು. ನಾನು ನೆನೆಸಿದ ಕಡಲೆಕಾಳು ಬೇಯಿಸಿದ ನೀರನ್ನೇ ಸಾರಾಗಿ ಬಳಸಿ, ಮಾಂಸವಿಲ್ಲದೆ, ತೆರೆದ ಟ್ರೇಯಲ್ಲಿ ಇದನ್ನು ಎರಡು ಸಲ ಮಾಡಿದೆ. ನನ್ನ ಮೊದಲ ಶನಿವಾರದ ಕಟಕಟ ಅಗುಳೇ ಇಲ್ಲಿ ಗುಣವಾಗಿ ಕಂಡಿತು, ಮಗಳಂತೂ ಮೇಲಿನ ಪದರವನ್ನಷ್ಟೇ ಕೆರೆದು ತಿಂದಳು. ಅತ್ತೆಯವರು ಅದನ್ನು ಸೀದ ಅನ್ನ ಎಂದೇ ಕರೆದರು.

ಪಾತ್ರೆಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ಸ್ಟೀಲ್ ಟ್ರೇ ಎಲ್ಲಕ್ಕಿಂತ ನಿರಾತಂಕ. ಶಾಖ ತಡೆಯುವ ಗಾಜಿನ ಪಾತ್ರೆ ನೋಡಲು ಚೆಂದ, ಒಳಗಿನದು ಕಾಣುತ್ತದೆ, ಆದರೆ ಕಾದ ಗಾಜನ್ನು ಒದ್ದೆ ಕಟ್ಟೆಯ ಮೇಲಿಟ್ಟರೆ ಸೀಳುವ ಭಯ ಇದ್ದೇ ಇದೆ. ಬೀಡು ಕಬ್ಬಿಣದ ಮುಚ್ಚಳವಿರುವ ಪಾತ್ರೆಗೆ ಫಾಯಿಲ್ಲೇ ಬೇಡ, ತೂಕದ ಮುಚ್ಚಳವೇ ಹಬೆಯನ್ನು ಹಿಡಿದಿಡುತ್ತದೆ. ಎತ್ತಿ ಹೊರತೆಗೆಯಲು ಮಾತ್ರ ತೋಳಿನಲ್ಲಿ ಬಲವಿರಬೇಕು. ಅಜ್ಜಿಯ ಕಾಲದ ಹಿತ್ತಾಳೆ ತಪ್ಪಲೆಯಲ್ಲಿ ಮಾಡುವ ಆಸೆಯಿಂದ ಅದಕ್ಕೆ ಹೊಸದಾಗಿ ಕಲಾಯಿ ಹಾಕಿಸಿದೆ. ಕಲಾಯಿ ಎಂದರೆ ತವರ, ತವರ ಕರಗುವುದು 232 ಡಿಗ್ರಿಯಲ್ಲಿ. 190ರಲ್ಲಿ ಅಪಾಯವಿಲ್ಲವೆಂದು ಲೆಕ್ಕ ಹೇಳಿದರೂ, ತಿರುಗಣಿಯ ಮಾತನ್ನು ನಂಬುವಂತಿಲ್ಲ ಎಂಬ ಕಾರಣಕ್ಕೆ ಆ ತಪ್ಪಲೆಯನ್ನು ಮತ್ತೆ ಅಟ್ಟಕ್ಕೆ ಏರಿಸಿದ್ದೇನೆ.

ಈ ತಿರುಗಣಿಯ ಬಗ್ಗೆ ನನ್ನ ದೂರು ದೊಡ್ಡದು. ಮೊದಲ ಎರಡು ತಿಂಗಳು ಪಾಕವಿಧಾನಗಳಲ್ಲಿ ಹೇಳಿದ ಹೊತ್ತಿಗೆ ನನ್ನ ಅನ್ನ ಬೇಯುತ್ತಲೇ ಇರಲಿಲ್ಲ, ತಪ್ಪು ನನ್ನದೇ ಎಂದುಕೊಂಡಿದ್ದೆ. ಜಾಲರಿಗೆ ನೇತುಹಾಕುವ ಓವನ್ ಥರ್ಮಾಮೀಟರನ್ನು ತಂದು ಒಳಗಿಟ್ಟು ನೋಡಿದರೆ, ತಿರುಗಣಿ 190 ಎಂದಾಗ ಒಳಗೆ ಇದ್ದದ್ದು 165. ಸೇವಾ ಕೇಂದ್ರಕ್ಕೆ ಫೋನ್ ಮಾಡಿದಾಗ, ಇಷ್ಟು ವ್ಯತ್ಯಾಸ ಎಲ್ಲ ಓವನ್‌ಗಳಲ್ಲೂ ಇರುತ್ತದೆ ಮೇಡಂ ಎಂದರು. ಮೂರನೆಯ ಸಲ ಕರೆದ ಮೇಲೆ ಬಂದ ಹುಡುಗ ಥರ್ಮಾಮೀಟರನ್ನೇ ಅನುಮಾನದಿಂದ ತಿರುಗಿಸಿ ತಿರುಗಿಸಿ ನೋಡಿ, ಗ್ಯಾರಂಟಿ ಪುಸ್ತಕಕ್ಕೆ ಸಹಿ ಹಾಕಿ ಹೋದ. ಕೊನೆಗೆ ನಾನೇ ತಿರುಗಣಿಯ ಪಕ್ಕದಲ್ಲಿ ಉಗುರುಬಣ್ಣದಿಂದ ಮೂರು ಚುಕ್ಕೆ ಇಟ್ಟಿದ್ದೇನೆ, ನಮ್ಮ ಮನೆಯಲ್ಲಿ 190 ಎಂದರೆ ಎರಡನೆಯ ಕೆಂಪು ಚುಕ್ಕೆ. ಓವನ್ ಕೊಳ್ಳುವವರು ಅದರ ಜೊತೆಗೇ ಥರ್ಮಾಮೀಟರನ್ನೂ ಕೊಳ್ಳಲಿ. ಕೇಕಿನ ಅಚ್ಚುಗಳನ್ನು ಆಮೇಲೆ ಕೊಂಡರೂ ನಡೆಯುತ್ತದೆ.

ಟೈಮರಿನ ಮೇಲೂ ಒಂದು ಮುನಿಸಿದೆ. 60 ನಿಮಿಷಕ್ಕಿಂತ ಹೆಚ್ಚು ಇಡಲಾಗದು, ಹತ್ತು ನಿಮಿಷಕ್ಕಿಂತ ಕಡಿಮೆ ಇಟ್ಟರೆ ಗಂಟೆ ಸರಿಯಾಗಿ ಬಾರಿಸುವುದಿಲ್ಲ.

ಖರ್ಚಿನ ಲೆಕ್ಕ ಕೇಳುವವರಿಗೆ ಹೇಳಬೇಕಾದದ್ದು ಸಿಹಿಯಾದ ಮಾತಲ್ಲ. ಪ್ಲಗ್ಗಿಗೆ ಸಿಕ್ಕಿಸುವ ಚಿಕ್ಕ ಮೀಟರಿನಲ್ಲಿ ಅಳೆದಾಗ, ಓವನ್ ಮೊದಲು ಕಾಯಲು ಹತ್ತು ನಿಮಿಷ, ಬೇಯಲು 28 ನಿಮಿಷ ಸೇರಿ ಎರಡು ಪಾವು ಅನ್ನಕ್ಕೆ ಮುಕ್ಕಾಲು ಯೂನಿಟ್ಟಿನ ಹತ್ತಿರ ಬರುತ್ತದೆ, ನೀರು ಕುದಿಸಿದ್ದು ಬೇರೆ. ಅದೇ ಅಕ್ಕಿಯನ್ನು ತಂಗಿಯ ಮನೆಯ 700 ವ್ಯಾಟಿನ ರೈಸ್ ಕುಕ್ಕರಿನಲ್ಲಿ ಬೇಯಿಸಿ ಅಳೆದರೆ ಅದರ ಅರ್ಧಕ್ಕೂ ಕಡಿಮೆ. 2023ರಿಂದ ಜಾರಿಯಲ್ಲಿರುವ ಗೃಹಜ್ಯೋತಿಯಲ್ಲಿ ಕರೆಂಟು ಉಚಿತವಲ್ಲವೇ ಎಂದು ಯಜಮಾನರು ವಾದಿಸುತ್ತಾರೆ. ಆದರೆ ಅದರಲ್ಲಿ ಉಚಿತವಾಗಿ ಸಿಗುವುದು ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಒಂದಿಷ್ಟು ಹೆಚ್ಚುವರಿ ಮಾತ್ರ, ಒಟ್ಟು 200 ಯೂನಿಟ್ಟಿನ ಮಿತಿಯೊಳಗೆ. ದಿನವೂ ಓವನ್‌ನಲ್ಲಿ ಅನ್ನ ಮಾಡಿದರೆ ತಿಂಗಳಿಗೆ ಇಪ್ಪತ್ತು ಇಪ್ಪತ್ತೈದು ಯೂನಿಟ್ ಏರುತ್ತದೆ, ಸಣ್ಣ ಮನೆಗಳ ಆ ಹೆಚ್ಚುವರಿಯನ್ನು ದಾಟಲು ಅಷ್ಟು ಸಾಕು. ಎರಡು ಜನರಿಗೆ ಒಂದು ಪಾವು ಅನ್ನಕ್ಕಾಗಿ ಈ ಪೆಟ್ಟಿಗೆಯನ್ನು ಕಾಯಿಸುವುದು ನನ್ನ ದೃಷ್ಟಿಯಲ್ಲಿ ಶುದ್ಧ ದಂಡ. ಅನ್ನದ ಟ್ರೇಯ ಮೇಲಿನ ಅಂತಸ್ತಿನಲ್ಲಿ ಬದನೆಕಾಯಿಯನ್ನೋ, ಆಲೂಗಡ್ಡೆಯನ್ನೋ ಎಣ್ಣೆ ಸವರಿ ಇಟ್ಟು, ಒಂದೇ ಶಾಖದಲ್ಲಿ ಎರಡು ಕೆಲಸ ಮಾಡಿಕೊಂಡರೆ ಲೆಕ್ಕ ಸ್ವಲ್ಪ ಸರಿಹೋಗುತ್ತದೆ.

ಒಂದು ಭಾನುವಾರ 18ನೆಯ ನಿಮಿಷದಲ್ಲಿ ಕರೆಂಟು ಹೋಯಿತು. ಗ್ಯಾಸಿಗೆ ವರ್ಗಾಯಿಸಲೇ ಎಂದು ಯೋಚಿಸಿ, ಸುಮ್ಮನೆ ಬಾಗಿಲು ಮುಚ್ಚಿಯೇ ಬಿಟ್ಟೆ. ಅರ್ಧ ಗಂಟೆಯ ನಂತರ ಕರೆಂಟು ಬಂದಾಗ ತೆಗೆದು ನೋಡಿದರೆ ಮೇಲಿನ ಪದರ ಒಂದಿಷ್ಟು ಬಿರುಸಾಗಿತ್ತೇ ಹೊರತು ಅನ್ನ ಬೆಂದೇ ಇತ್ತು. ಒಳಗಿನ ಶಾಖ, ಹಬೆ ಎರಡೂ ಸೇರಿ ಮಿಕ್ಕ ಕೆಲಸ ಮುಗಿಸಿದ್ದವು. ಈ ಗುಣವನ್ನು ನಂಬಿ ಅನ್ನವನ್ನು ಗಂಟೆಗಟ್ಟಲೆ ಒಳಗೇ ಬಿಡುವುದು ಮಾತ್ರ ಸಲ್ಲದು. ಬಿಸಿಯೂ ಅಲ್ಲದ ತಂಪೂ ಅಲ್ಲದ ಅನ್ನದಲ್ಲಿ, ಬೇಯುವಾಗಲೂ ಸಾಯದೆ ಉಳಿಯುವ ಬ್ಯಾಕ್ಟೀರಿಯಾಗಳು ಬೆಳೆದು ಹೊಟ್ಟೆ ಕೆಡಿಸುತ್ತವೆ. ಬೆಳಿಗ್ಗೆ ಮಾಡಿದ್ದನ್ನು ರಾತ್ರಿಯವರೆಗೆ ಓವನ್‌ನೊಳಗೆ ಮರೆತು, ಆಮೇಲೆ ಬಿಸಿ ಮಾಡಿ ಬಡಿಸುವುದು ಬೇಡ.

ಅನುಕೂಲಗಳಲ್ಲಿ ನಾನು ಮೇಲಕ್ಕಿಡುವುದು ನಿಶ್ಶಬ್ದವನ್ನು. ಕುಕ್ಕರಿನ ವಿಷಲ್ ಎರಡಾಯಿತೋ ಮೂರಾಯಿತೋ ಎಂದು ಹಾಲಿನಿಂದಲೇ ಕೂಗಿ ಕೇಳುವುದು, ಗ್ಯಾಸ್ಕೆಟ್ ಸಡಿಲವಾಗಿ ಪಕ್ಕದಿಂದ ಗಂಜಿ ಸಿಡಿದು ಒಲೆಯೆಲ್ಲ ಬೆಳ್ಳಗಾಗುವುದು, ಇವೆರಡೂ ಇಲ್ಲ. ಟ್ರೇ ಒಳಗಿಟ್ಟು ಸ್ನಾನಕ್ಕೆ ಹೋಗಬಹುದು, ಬಾಗಿಲಲ್ಲಿ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುತ್ತ ನಿಲ್ಲಬಹುದು. ಟೈಮರ್ ಮುಗಿದೊಡನೆ ಅದೇ ನಿಲ್ಲುತ್ತದೆ, ಸೀಯುವ ಭಯವಿಲ್ಲ. ನೆಂಟರು ಬಂದ ದಿನ ಗ್ಯಾಸಿನ ಎರಡೂ ಒಲೆಗಳು ಹುಳಿ, ಪಲ್ಯಗಳಿಗೆ ಖಾಲಿ ಸಿಗುತ್ತವೆ. ಐದಾರು ಪಾವು ಅನ್ನವನ್ನು ಕುಕ್ಕರಿನಲ್ಲಿ ಎರಡು ಕಂತಿನಲ್ಲಿ ಮಾಡಬೇಕಾದ ನನ್ನಂಥವರಿಗೆ ಒಂದೇ ಟ್ರೇಯಲ್ಲಿ ಎಲ್ಲವೂ ಒಂದೇ ಹದದಲ್ಲಿ ಬರುವುದು ಸಣ್ಣ ಸಂಗತಿಯಲ್ಲ.

ಆದ್ದರಿಂದ ಅನ್ನಕ್ಕಾಗಿಯೇ ಓವನ್ ಕೊಳ್ಳಬೇಕೇ ಎಂದು ಯಾರಾದರೂ ಕೇಳಿದರೆ ಬೇಡ ಎನ್ನುತ್ತೇನೆ, ಮೂಲೆಯಲ್ಲಿ ಈಗಾಗಲೇ ಕುಳಿತಿದ್ದರೆ ಅದರ ತಲೆಯ ಮೇಲಿನ ಡಬ್ಬ ಇಳಿಸಿ ಎನ್ನುತ್ತೇನೆ. ನಮ್ಮಲ್ಲಿ ಈಗ ಬುಧವಾರ ರಾಜಮುಡಿ, ಭಾನುವಾರ ಯಾವುದಾದರೊಂದು ಬಾತು, ನೆಂಟರು ಬಂದ ದಿನ ದೊಡ್ಡ ಟ್ರೇ, ಇಷ್ಟು ಓವನ್ನಿನ ಪಾಲು. ಉಳಿದ ದಿನಗಳ ತಿಳಿಸಾರಿನ ಅನ್ನ ಕುಕ್ಕರಿನದ್ದೇ. ಓವನ್ನಿನ ದಿನವೂ ಅತ್ತೆಯವರಿಗಾಗಿ ಮುಕ್ಕಾಲು ಪಾವು ಅಕ್ಕಿಯನ್ನು ಚಿಕ್ಕ ಕುಕ್ಕರಿನಲ್ಲಿ ನಾಲ್ಕು ವಿಷಲ್ ಕೂಗಿಸಿ ಮೆತ್ತಗೆ ಬೇಯಿಸುತ್ತೇನೆ. ಕಳೆದ ವಾರ ರಾಜಮುಡಿಯ ಟ್ರೇ ತೆರೆದಾಗ ಅವರೇ ಒಳಗೆ ಬಂದು, ಮೂಲೆಯಿಂದ ಒಂದು, ನಡುವಿನಿಂದ ಒಂದು ಅಗುಳು ಎತ್ತಿ ಹಿಸುಕಿ ನೋಡಿ, ತಮ್ಮ ತಟ್ಟೆಗೂ ಅರ್ಧ ಸೌಟು ಹಾಕಲು ಹೇಳಿದರು.